ಕಡತದಿಂದ ಕೈಗಣಕದವರೆಗೆ: ಗ್ರಾಮಲೆಕ್ಕದ ಉಪಕರಣಗಳನ್ನು ಕುರಿತ ಒಂದು ವಿಚಾರ

ದಾಖಲೆಗಳನ್ನು ಆಧಾರವಾಗಿಟ್ಟುಕೊಂಡು ಇತಿಹಾಸವನ್ನು ಬರೆಯುವ ನಾವು, ಆ ದಾಖಲೆಗಳು ಯಾವ ಸಾಧನದಿಂದ ಬರೆಯಲ್ಪಟ್ಟವು ಎಂಬ ವಿಷಯದಲ್ಲಿ ಸಾಮಾನ್ಯವಾಗಿ ಉದಾಸೀನರು. ಶಾಸನದ ಪಾಠವನ್ನು ಅಕ್ಷರ ಅಕ್ಷರವಾಗಿ ಪರಿಶೀಲಿಸುತ್ತೇವೆ. ಅದನ್ನು ಕಂಡರಿಸಿದ ಉಳಿಯ ಕಡೆಗೆ ನಮ್ಮ ಗಮನ ಹರಿಯುವುದಿಲ್ಲ. ಆದರೆ ಸಾಧನವೂ ಅದನ್ನು ಹಿಡಿದ ಕೈಯೂ ದಾಖಲೆಯ ಸ್ವರೂಪವನ್ನು ಎಷ್ಟರಮಟ್ಟಿಗೆ ನಿರ್ಣಯಿಸುತ್ತವೆ ಎಂಬುದಕ್ಕೆ ಚಿತ್ರದುರ್ಗ ಜಿಲ್ಲೆಯಲ್ಲಿಯೇ ಒಂದು ಪ್ರಾಚೀನ ನಿದರ್ಶನವುಂಟು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವು ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮೀ ಲಿಪಿಯಲ್ಲಿದೆ. ಅದನ್ನು ಬರೆದ ಚಪಡನೆಂಬ ಲಿಪಿಕಾರನು ಕೊನೆಯಲ್ಲಿ ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಸುತ್ತಣ ಊರುಗಳವರಲ್ಲಿ ಆ ಪದವನ್ನು ಓದಬಲ್ಲವನು ಒಬ್ಬನಾದರೂ ಇದ್ದನೆಂದು ನಂಬುವುದು ಕಷ್ಟ. ಬರೆಯುವವನಿಗೂ, ಯಾರನ್ನು ಕುರಿತು ಬರೆಯಲಾಗುತ್ತದೆಯೋ ಅವರಿಗೂ ನಡುವಣ ಈ ಅಂತರವು ನಮ್ಮ ನಾಡಿನ ಲಿಖಿತ ಆಡಳಿತದಷ್ಟೇ ಹಳೆಯದು.

ಕೈಯಲ್ಲಿ ಹಿಡಿಯಬಹುದಾದ, ಪರದೆಯನ್ನು ಬೆರಳಿನಿಂದಲೋ ಕಡ್ಡಿಯಿಂದಲೋ ಮುಟ್ಟಿ ಕೆಲಸ ಮಾಡಿಸಬಹುದಾದ ಸಣ್ಣ ಗಣಕಯಂತ್ರಗಳು ಬಳಕೆಗೆ ಬಂದು ಮೂರು ದಶಕಗಳು ಕಳೆದಿವೆ. ಇವನ್ನು ಈ ಲೇಖನದಲ್ಲಿ ಅನುಕೂಲಕ್ಕಾಗಿ ಕೈಗಣಕಗಳೆಂದು ಕರೆಯುತ್ತೇವೆ. ಇವು ನಿಜವಾಗಿ ಉಪಯುಕ್ತವೇ, ಇವುಗಳ ರಚನೆ ಯೋಗ್ಯವಾಗಿದೆಯೇ ಎಂಬ ಪ್ರಶ್ನೆಯನ್ನು ಇದುವರೆಗೆ ಹೆಚ್ಚಾಗಿ ಕೇಳಿದವರು ವರ್ತಕರು ಮತ್ತು ಇಂಜಿನಿಯರುಗಳು. ಅವರ ಅಳತೆಗೋಲುಗಳು ಮಾರಾಟವಾದ ಸಂಖ್ಯೆ, ವೇಗ, ಬೆಲೆ, ಬ್ಯಾಟರಿಯ ಬಾಳಿಕೆ. ಇವು ಅಲ್ಲಗಳೆಯತಕ್ಕವಲ್ಲ. ಆದರೆ 'ಉಪಯುಕ್ತ' ಎಂಬ ಮಾತು 'ಯಾರಿಗೆ' ಎಂಬ ಇನ್ನೊಂದು ಮಾತನ್ನು ಅಪೇಕ್ಷಿಸುತ್ತದೆ. ಕನ್ನಡನಾಡಿನಲ್ಲಿಯೇ ಕಲ್ಪಿತವಾಗಿ, ಇಲ್ಲಿಯೇ ತಯಾರಾದ ಸಿಂಪ್ಯೂಟರ್ ಎಂಬ ಕೈಗಣಕದ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶ. ಪರೀಕ್ಷೆಗೆ ಒಂದೇ ಒಂದು ಕೆಲಸವನ್ನು ಆರಿಸಿಕೊಂಡಿದ್ದೇವೆ: ಹಿರಿಯೂರು ತಾಲ್ಲೂಕಿನ ಆದಿವಾಲದಂಥ ಒಂದು ಗ್ರಾಮದಲ್ಲಿ, ಒಂದು ಸರ್ವೆ ನಂಬರಿನ ಹೊಲದಲ್ಲಿ ಈ ವರ್ಷ ಏನು ಬೆಳೆದಿದೆ ಎಂಬುದನ್ನು ಬರೆದುಕೊಳ್ಳುವ ಕೆಲಸ.

ಈ ಕೆಲಸ ಅಲ್ಪವೆಂದು ತೋರಬಹುದು. ಆದರೆ ಅದು ಅಲ್ಪವಲ್ಲ. ಪಹಣಿಯ 9ನೆಯ ಕಾಲಂ ಭೂಮಿಯ ಒಡೆಯನ ಹೆಸರನ್ನು ಹೇಳಿದರೆ, 12ನೆಯ ಕಾಲಂ ಸಾಗುವಳಿದಾರನನ್ನೂ ಬೆಳೆಯನ್ನೂ ಹೇಳುತ್ತದೆ. ಒಡೆತನ ತಲೆಮಾರಿಗೊಮ್ಮೆ ಬದಲಾಗುವಂಥದು. ಬೆಳೆ ಪ್ರತಿ ಹಂಗಾಮಿಗೂ ಬದಲಾಗುವಂಥದು. ಹಿರಿಯೂರು ತಾಲ್ಲೂಕಿನಲ್ಲಂತೂ ಈ ಬದಲಾವಣೆ ಬಹಳ ಹೆಚ್ಚು. 1898ರಲ್ಲಿ ಪ್ರಾರಂಭವಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರದ ನಾಲೆಗಳು ಹರಿಯುವ ಕಡೆ ತೆಂಗು ಅಡಕೆಗಳ ತೋಟಗಳುಂಟು. ನಾಲೆಯಿಂದ ಆಚೆಗೆ ಮಳೆಯನ್ನೇ ನಂಬಿದ ನೆಲಗಡಲೆ, ರಾಗಿ, ಈರುಳ್ಳಿಯ ಹೊಲಗಳುಂಟು. ಆ ಜಲಾಶಯವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅನಂತರ 2025ರ ಜನವರಿಯಲ್ಲಿ. ಈ ಒಂದು ಸಂಗತಿಯೇ ಇಲ್ಲಿನ ಬೇಸಾಯವು ಎಷ್ಟು ಅನಿಶ್ಚಿತವಾದದ್ದೆಂಬುದನ್ನು ತಿಳಿಸುತ್ತದೆ. ಬರಗಾಲದ ಪರಿಹಾರವಾಗಲಿ, 2016ರ ಮುಂಗಾರಿನಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ವಿಮಾ ಹಣವಾಗಲಿ, ದಾಖಲೆಯಲ್ಲಿ ಬರೆದ ಬೆಳೆಯನ್ನು ಅನುಸರಿಸಿಯೇ ಬರುತ್ತದೆ. ನೆಲಗಡಲೆಗೆ ವಿಮೆ ಕಟ್ಟಿದವನ ಹೊಲವನ್ನು ಬರೆಯುವವನು 'ಬೀಳು' ಎಂದೋ 'ಮೆಕ್ಕೆಜೋಳ' ಎಂದೋ ಬರೆದುಬಿಟ್ಟರೆ, ಆ ಒಂದು ಪದದಿಂದ ಒಂದು ಸಂಸಾರದ ವರ್ಷದ ಲೆಕ್ಕವೇ ತಲೆಕೆಳಗಾಗುತ್ತದೆ.

ಈ ಬರವಣಿಗೆಯನ್ನು ಹಿಂದೆ ಮಾಡುತ್ತಿದ್ದವರು ಶಾನುಭೋಗರು. ಅವರ ಸಾಧನ ಕಡತ. ಇಂದು ಸರ್ಕಾರಿ ಕಛೇರಿಗಳಲ್ಲಿ 'ಕಡತ' ಎಂದರೆ ದಾರ ಕಟ್ಟಿದ ಕಾಗದಗಳ ಕಟ್ಟು. ಆದರೆ ಮೂಲದಲ್ಲಿ ಅದು ಬಟ್ಟೆ. ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಕಲಸಿ ಎರಡು ಮಗ್ಗುಲಿಗೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಎರಡು ಕೊನೆಗಳಿಗೂ ಹಲಗೆಯ ರಟ್ಟನ್ನು ಹಾಕಿದರೆ ಕಡತ ಸಿದ್ಧವಾಯಿತು. ಅದರ ಮೇಲೆ ಬಳಪದ ಕಡ್ಡಿಯಿಂದ ಬಿಳಿಯ ಅಕ್ಷರಗಳನ್ನು ಬರೆಯುತ್ತಿದ್ದರು. 1810ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರಿನ ಇತಿಹಾಸದಲ್ಲಿ ಇದನ್ನು ವರ್ಣಿಸಿ, ಅಗಲ 8 ಅಂಗುಲದಿಂದ 1 ಅಡಿ, ಉದ್ದ 12ರಿಂದ 18 ಅಡಿ ಎಂದು ಅಳತೆಯನ್ನೂ ಕೊಟ್ಟಿದ್ದಾನೆ. ಹದಿನೆಂಟು ಅಡಿಯ ಬರವಣಿಗೆ ಮಡಚಿದಾಗ ಕಂಕುಳಲ್ಲಿ ಅಡಗುತ್ತಿತ್ತು. ಶೃಂಗೇರಿಯ ಮಠದಲ್ಲಿ ಇಂಥ ಕಡತಗಳು ಬಹುಸಂಖ್ಯೆಯಲ್ಲಿ ಉಳಿದುಬಂದಿರುವುದನ್ನು ನೋಡಿದರೆ ಅವುಗಳ ಬಾಳಿಕೆಯ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ರಚನೆಯ ದೃಷ್ಟಿಯಿಂದ ಕಡತವು ಪ್ರಶಂಸಾರ್ಹವಾದ ವಸ್ತು. ಊರಿನಲ್ಲಿಯೇ ದೊರೆಯುವ ಪದಾರ್ಥಗಳಿಂದ ಮಾಡಬಹುದು. ಅಳಿಸಬಹುದು, ಮತ್ತೆ ಬರೆಯಬಹುದು. ಮಾಸಿದರೆ ಮತ್ತೊಮ್ಮೆ ಮಸಿ ಬಳಿಯಬಹುದು. ಬಿಸಿಲಿನಲ್ಲಿ ಕಪ್ಪಿನ ಮೇಲಿನ ಬಿಳುಪು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಅದೇ ಗುಣಗಳಲ್ಲಿ ಅದರ ದೋಷವೂ ಅಡಗಿತ್ತು. ಅಳಿಸಬಹುದಾದದ್ದನ್ನು ಅಳಿಸುವ ಅಧಿಕಾರ ಅದನ್ನು ಇಟ್ಟುಕೊಂಡವನದು. ಶಾನುಭೋಗರ ಮೋಡಿ ಬರವಣಿಗೆಯನ್ನು ಸ್ವಲ್ಪ ಅಕ್ಷರಜ್ಞಾನವಿದ್ದ ರೈತನೂ ಓದಲಾರ. ಓದುಬಾರದವನ ಮಾತು ಹೇಳುವುದೇ ಬೇಡ. ಎಲ್ಲ ಶಾನುಭೋಗರೂ ವಂಚಕರಾಗಿದ್ದರೆಂದು ಹೇಳುವುದು ಅನ್ಯಾಯವಾದೀತು. ಬರಗಾಲದಲ್ಲಿ ಊರಿನ ಪರವಾಗಿ ಲೆಕ್ಕ ಬರೆದವರೂ ಇದ್ದಿರಲೇಬೇಕು. ಆದರೂ ಕಡತದ ಉಪಯುಕ್ತತೆ ಅದನ್ನು ಹಿಡಿದವನ ಧರ್ಮಬುದ್ಧಿಯನ್ನು ಅವಲಂಬಿಸಿತ್ತೇ ಹೊರತು ಅದರ ರಚನೆಯನ್ನಲ್ಲ.

ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ ಶಾಸನವು 1961ರಲ್ಲಿ ರಚಿತವಾಗಿ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಶಾನುಭೋಗರ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. 1964ರ ಭೂಕಂದಾಯ ಶಾಸನ ಅವರ ಕರ್ತವ್ಯಗಳಿಗೆ ಆಧಾರವಾಯಿತು. ಬಟ್ಟೆಯ ಕಡತ ಅದಕ್ಕೆ ಬಹಳ ಹಿಂದೆಯೇ ಕಾಗದದ ರಿಜಿಸ್ಟರಿಗೆ ಎಡೆಗೊಟ್ಟಿತ್ತು. ಕೈ ಬದಲಾಯಿತು, ಸಾಧನ ಬದಲಾಯಿತು. ಆದರೆ ರಿಜಿಸ್ಟರು ಲೆಕ್ಕಿಗರ ಚೀಲದಲ್ಲಿಯೇ ಉಳಿಯಿತು. ಪಹಣಿಯ ಒಂದು ನಕಲಿಗಾಗಿ ರೈತನು ಎಷ್ಟು ಸಲ ಅಲೆಯಬೇಕಾಗಿತ್ತೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ತಾತಂದಿರಿಂದ ಕೇಳಿ ತಿಳಿಯಬಹುದು.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಕೈಗೊಂಡ 'ಭೂಮಿ' ಯೋಜನೆಯ ಮಹತ್ತ್ವ ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ. ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳನ್ನು ಗಣಕೀಕರಿಸಿ, ಅಂದಿನ 177 ತಾಲ್ಲೂಕುಗಳಲ್ಲಿ ಕೇಂದ್ರಗಳನ್ನು ತೆರೆದು, 15 ರೂಪಾಯಿ ಶುಲ್ಕಕ್ಕೆ ಪಹಣಿಯನ್ನು ಮುದ್ರಿಸಿ ಕೊಡುವ ಏರ್ಪಾಟು ಆಯಿತು; ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಒಡೆತನದ ಕಾಲಂನ ಮಟ್ಟಿಗೆ ಇದು ದೊಡ್ಡ ಸುಧಾರಣೆಯೆಂಬುದು ನಿರ್ವಿವಾದ. ಆದರೆ ಬೆಳೆಯ ಕಾಲಂ? ತಾಲ್ಲೂಕು ಕಛೇರಿಯ ಗಣಕಯಂತ್ರ ಹೊಲಕ್ಕೆ ಹೋಗಲಾರದು. ಸುಮಾರು 9,000 ಗ್ರಾಮಲೆಕ್ಕಿಗರು ಹೊಲದಲ್ಲಿಯೋ, ಎಷ್ಟೋ ವೇಳೆ ಹೊಲಕ್ಕೆ ಹೋಗದೆ ಚಾವಡಿಯಲ್ಲಿಯೋ ಕುಳಿತು, ಬರೆದು ತಂದ ಕಾಗದಗಳನ್ನು ಮತ್ತೊಬ್ಬರು ಗಣಕಕ್ಕೆ ತುಂಬಬೇಕಾಗಿತ್ತು. ಒಂದೇ ಸಂಗತಿಯನ್ನು ಎರಡು ಸಲ ಬರೆದರೆ ತಪ್ಪಿಗೆ ಎರಡು ಬಾಗಿಲು ತೆರೆದಂತೆ. ಹೊಲದ ಬದುವಿನಲ್ಲಿ ನಿಂತು ನೇರವಾಗಿ ದಾಖಲಿಸಬಹುದಾದ ಸಾಧನವೊಂದು ಬೇಕಾಗಿತ್ತು.

ಅಂಥ ಸಾಧನ ಆ ವೇಳೆಗೆ ಬೆಂಗಳೂರಿನಲ್ಲಿ ಸಿದ್ಧವಾಗುತ್ತಿತ್ತು; ಆದರೆ ಅದು ಸಿದ್ಧವಾಗುತ್ತಿದ್ದದ್ದು ಲೆಕ್ಕಿಗರಿಗಾಗಿ ಅಲ್ಲ. 1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ, ಹಿಂದುಳಿದ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಹೇಗೆ ಉಪಯೋಗವಾದೀತು ಎಂಬುದನ್ನು ಕುರಿತು ಒಂದು ಅಂತರರಾಷ್ಟ್ರೀಯ ಗೋಷ್ಠಿ ನಡೆಯಿತು. ಆ ಸಂದರ್ಭದಲ್ಲಿ ಹುಟ್ಟಿದ ವಿಚಾರವೇ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಇವರೂ, ವಿನಯ್ ದೇಶಪಾಂಡೆಯವರು ನಡೆಸುತ್ತಿದ್ದ ಎನ್‌ಕೋರ್ ಸಾಫ್ಟ್‌ವೇರ್ ಕಂಪೆನಿಯವರೂ ಸೇರಿ ಒಟ್ಟು ಏಳು ಮಂದಿ 1999ರ ನವೆಂಬರಿನಲ್ಲಿ ಸಿಂಪ್ಯೂಟರ್ ಟ್ರಸ್ಟನ್ನು ಸ್ಥಾಪಿಸಿದರು. ಸರಳ, ಅಗ್ಗ, ಬಹುಭಾಷಿಕ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಈ ಹೆಸರನ್ನಿಟ್ಟರು. 2001ರ ಏಪ್ರಿಲಿನಲ್ಲಿ ಮಾದರಿ ಯಂತ್ರವನ್ನು ಸಾರ್ವಜನಿಕರ ಮುಂದಿಟ್ಟಾಗ ದೇಶವಿದೇಶಗಳ ಪತ್ರಿಕೆಗಳು ಮುಕ್ತಕಂಠದಿಂದ ಹೊಗಳಿದವು. ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾರದ ಸಂಚಿಕೆಯಲ್ಲಿ, ಆ ವರ್ಷದ ಗಣಕಲೋಕದ ಅತ್ಯಂತ ಮುಖ್ಯವಾದ ಆವಿಷ್ಕಾರ ಇದೇ ಎಂದು ಬರೆದನು.

ಪರದೇಶಗಳಲ್ಲಿ ಕೈಗಣಕವು ಆಗಲೇ ಹೊಸತಲ್ಲ. ಆಪಲ್ ಕಂಪೆನಿಯ ನ್ಯೂಟನ್ 1993ರಲ್ಲಿಯೂ ಪಾಮ್ ಪೈಲಟ್ 1996ರಲ್ಲಿಯೂ ಬಂದಿದ್ದವು. ಆದರೆ ಅವು ದಿನಚರಿ, ವಿಳಾಸ, ಭೇಟಿಯ ವೇಳೆ ಇವನ್ನು ಬರೆದಿಟ್ಟುಕೊಳ್ಳುವ ಅಧಿಕಾರಿವರ್ಗದವರ ಸಾಧನಗಳು. ಒಬ್ಬ ಒಡೆಯ, ಒಂದು ಯಂತ್ರ, ಇಂಗ್ಲಿಷ್ ಅಕ್ಷರ. ಸಿಂಪ್ಯೂಟರಿನ ರಚನಕಾರರು ಈ ಮೂರು ಕಲ್ಪನೆಗಳನ್ನೂ ಬಿಟ್ಟರು. ಬಡವನೊಬ್ಬನು ಇಂಥ ಯಂತ್ರವನ್ನು ಕೊಳ್ಳಲಾರನಾದ್ದರಿಂದ ಇಡೀ ಊರಿಗೆ ಒಂದೆರಡು ಯಂತ್ರಗಳಿರಲಿ ಎಂದು ಎಣಿಸಿ, ಅದರಲ್ಲಿ ಸ್ಮಾರ್ಟ್ ಕಾರ್ಡನ್ನು ಓದುವ ಸೀಳುಕಿಂಡಿಯನ್ನಿಟ್ಟರು. ಪ್ರತಿಯೊಬ್ಬನಲ್ಲಿಯೂ ಅವನದೇ ಕಾರ್ಡು; ಕಾರ್ಡನ್ನು ಒಳಗಿಟ್ಟಾಗ ಯಂತ್ರ ಅವನದಾಗುತ್ತದೆ, ತೆಗೆದಾಗ ಮುಂದಿನವನದಾಗುತ್ತದೆ. ಎರಡನೆಯದಾಗಿ, ಓದುಬಾರದವನಿಗೆ ಪರದೆಯ ಮೇಲಿನ ಬರವಣಿಗೆ ನಿಷ್ಪ್ರಯೋಜಕವಾದ್ದರಿಂದ, ಬರಹವನ್ನು ಗಟ್ಟಿಯಾಗಿ ಓದಿ ಹೇಳುವ 'ಧ್ವನಿ' ಎಂಬ ತಂತ್ರಾಂಶವನ್ನು ರಮೇಶ್ ಹರಿಹರನ್ ಅವರು ರಚಿಸಿದರು. ಅದು ಕನ್ನಡವನ್ನೂ ಉಚ್ಚರಿಸುತ್ತಿತ್ತು. 2001ರ ಜನಗಣತಿಯಂತೆ ಕರ್ನಾಟಕದಲ್ಲಿ ಸಾಕ್ಷರರು ನೂರಕ್ಕೆ 66.64 ಎಂಬುದನ್ನು ನೆನೆದರೆ ಇದು ಅಲಂಕಾರಕ್ಕಾಗಿ ಸೇರಿಸಿದ ಭಾಗವಲ್ಲವೆಂದು ತಿಳಿಯುತ್ತದೆ. ಯಂತ್ರದ ನಿರ್ಮಾಣದ ವಿವರಗಳನ್ನು ಗುಟ್ಟಾಗಿಡದೆ ಸಾರ್ವಜನಿಕವಾಗಿ ಪ್ರಕಟಿಸಿದುದೂ, ಲಿನಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಬಳಸಿದುದೂ ಇದೇ ಮನೋಧರ್ಮಕ್ಕೆ ಅನುಗುಣವಾದವು.

ಮುಟ್ಟುವ ಪರದೆಯ ವಿಷಯದಲ್ಲಿ ಒಂದು ಮಾತು. ಅಂದಿನ ಕೈಗಣಕಗಳ ಪರದೆ ಒತ್ತಡಕ್ಕೆ ಸ್ಪಂದಿಸುವಂಥದು. ಎರಡು ತೆಳುವಾದ ಪದರಗಳ ನಡುವೆ ಕಿರಿದಾದ ಎಡೆಯಿದ್ದು, ಕಡ್ಡಿಯಿಂದ ಒತ್ತಿದ ಜಾಗದಲ್ಲಿ ಅವು ಕೂಡುತ್ತವೆ. ಆ ಸ್ಥಳವನ್ನು ಯಂತ್ರ ಗುರುತಿಸುತ್ತದೆ. ಇಂದಿನ ಮೊಬೈಲುಗಳ ಪರದೆ ಬೆರಳಿನ ವಿದ್ಯುದ್ಗುಣಕ್ಕೆ ಸ್ಪಂದಿಸುತ್ತದೆ. ಎರಡನೆಯದು ನವುರಾದದ್ದು, ಎರಡು ಬೆರಳುಗಳನ್ನು ಒಟ್ಟಿಗೆ ಬಳಸಲೂ ಅನುಕೂಲ. ಆದರೆ ಬೆವರಿನಿಂದಲೋ ಮಳೆಹನಿಯಿಂದಲೋ ನೆನೆದ ಪರದೆ ತಬ್ಬಿಬ್ಬಾಗುತ್ತದೆ. ಗುದ್ದಲಿ ಹಿಡಿದು ದಡ್ಡುಗಟ್ಟಿದ ಒಣ ಬೆರಳನ್ನು ಕೆಲವು ವೇಳೆ ಗುರುತಿಸುವುದೇ ಇಲ್ಲ. ಹಳೆಯ ಪರದೆಗೆ ಈ ಭೇದವಿಲ್ಲ. ಅದನ್ನು ಉಗುರಿನಿಂದಲೂ ಒತ್ತಬಹುದು, ಬಳಪದಂಥ ಯಾವ ಕಡ್ಡಿಯಿಂದಲೂ ಒತ್ತಬಹುದು. ಹೊಸದೆಲ್ಲವೂ ಎಲ್ಲ ಕೈಗಳಿಗೂ ಮೇಲಾದದ್ದೆಂದು ಹೇಳಲಾಗದು.

ಇಷ್ಟು ವಿವೇಕದಿಂದ ರಚಿತವಾದ ಯಂತ್ರ ಏಕೆ ನೆಲೆಗೊಳ್ಳಲಿಲ್ಲ? ಮೊದಲನೆಯ ಕಾರಣ ಕಾಲ. ಮಾದರಿ ಸಿದ್ಧವಾದದ್ದು 2001ರಲ್ಲಿ. ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಸ್ಥಾಪಿಸಿದ ಪೀಕೋಪೆಟಾ ಕಂಪೆನಿಯು ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಸಹಯೋಗದಲ್ಲಿ 'ಅಮಿದಾ' ಎಂಬ ಹೆಸರಿನಿಂದ ಅದನ್ನು ಪೇಟೆಗೆ ತಂದದ್ದು 2004ರಲ್ಲಿ. ಅದರ ಅತ್ಯಂತ ಅಗ್ಗದ ಮಾದರಿಗೇ ಬೆಲೆ ಸುಮಾರು 10,000 ರೂಪಾಯಿ. ಈ ಮೂರು ವರ್ಷಗಳಲ್ಲಿ ಹೊರಗಿನ ಲೋಕ ಸುಮ್ಮನಿರಲಿಲ್ಲ. 2003ರ ಮೇ ತಿಂಗಳಿನಿಂದ ಮೊಬೈಲಿಗೆ ಬರುವ ಕರೆಗಳಿಗೆ ಶುಲ್ಕ ತಪ್ಪಿತು. ಅದೇ ವರ್ಷದ ಜುಲೈನಲ್ಲಿ ರಿಲಯನ್ಸ್ ಕಂಪೆನಿ ಮೊದಲಿಗೆ 501 ರೂಪಾಯಿ ಕಟ್ಟಿದವರಿಗೆ ಮೊಬೈಲನ್ನು ಕೊಡತೊಡಗಿತು. ಸಿಂಪ್ಯೂಟರಿನಲ್ಲಿ ಇಲ್ಲದಿದ್ದ ಮುಖ್ಯವಾದ ಗುಣ ಇದೇ: ಅದರಲ್ಲಿ ದೂರದ ಮಗನೊಡನೆ ಮಾತನಾಡಲಾಗುತ್ತಿರಲಿಲ್ಲ. ಓದುಬಾರದವನಿಗೆ ಯಂತ್ರದ ಧ್ವನಿಗಿಂತ ಮನುಷ್ಯನ ಧ್ವನಿ ಹೆಚ್ಚು ಬೇಕಾಗಿತ್ತೆಂಬುದನ್ನು ರಚನಕಾರರು ಊಹಿಸಿದಂತೆ ಕಾಣುವುದಿಲ್ಲ. 50,000 ಯಂತ್ರಗಳನ್ನು ಮಾರುವ ಗುರಿಯಿತ್ತು. 2005ರ ವೇಳೆಗೆ ಮಾರಾಟವಾದದ್ದು ಸುಮಾರು 4,000.

ಎರಡನೆಯ ಕಾರಣ ಇನ್ನೂ ಆಳವಾದದ್ದು. ಊರಿನವರೆಲ್ಲರೂ ಹಂಚಿಕೊಳ್ಳುವ ಯಂತ್ರವೆಂದರೆ ಅದನ್ನು ಯಾರೋ ಒಬ್ಬರು ಇಟ್ಟುಕೊಂಡಿರಲೇಬೇಕು. ಬ್ಯಾಟರಿಗೆ ವಿದ್ಯುತ್ತು ತುಂಬಬೇಕು, ಕೆಟ್ಟರೆ ಸರಿಪಡಿಸಬೇಕು, ಕೇಳಿದವರಿಗೆಲ್ಲ ಭೇದವೆಣಿಸದೆ ಕೊಡಬೇಕು. ಅವರು ಯಾರು? ಪಂಚಾಯತಿಯೇ, ಸಹಕಾರ ಸಂಘವೇ, ಶಾಲೆಯೇ? ಊರಿನ ಕೆರೆ, ಊರಿನ ಕಣ, ಊರಿನ ಗುಡಿ ಇವು ಹಂಚಿಕೆಯ ವಸ್ತುಗಳಾಗಿ ಉಳಿದದ್ದು ನೀರುಗಂಟಿ, ತೋಟಿ, ಪೂಜಾರಿ ಮುಂತಾದವರ ಕಟ್ಟಲೆಯ ಏರ್ಪಾಟಿನಿಂದ. ಆ ಏರ್ಪಾಟಿನಲ್ಲಿಯೂ ಎಲ್ಲರಿಗೂ ಸಮಪಾಲು ದೊರೆಯುತ್ತಿರಲಿಲ್ಲವೆಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯಲಾಗದು. ಸಿಂಪ್ಯೂಟರಿನ ರಚನೆ ಸಾಮಾಜಿಕವಾದ ಒಂದು ಸಂಸ್ಥೆಯನ್ನು ಊಹಿಸಿಕೊಂಡಿತ್ತು. ಅಂಥ ಸಂಸ್ಥೆಯನ್ನು ಯಾರೂ ಕಟ್ಟಲಿಲ್ಲ. ಕಾರ್ಡಿನ ಸೀಳುಕಿಂಡಿ ಇತ್ತು, ಕಾರ್ಡುಗಳು ಜನರ ಕೈಗೆ ಬರಲಿಲ್ಲ.

ಹೀಗಿರುವಾಗ ಆ ಯಂತ್ರಗಳು ಹೋದದ್ದು ಎಲ್ಲಿಗೆ? 2004ರಲ್ಲಿ ಕರ್ನಾಟಕ ಸರ್ಕಾರ ಭೂದಾಖಲೆಯ ಮಾಹಿತಿಯನ್ನು ಸಂಗ್ರಹಿಸಲು ಅವನ್ನು ಬಳಸಿತು. ಛತ್ತೀಸಗಡದಲ್ಲಿ ಶಾಲಾ ಶಿಕ್ಷಣದ ಪ್ರಯೋಗಕ್ಕೂ, ಗೋವೆಯ ಗಣಿಗಳಿಂದ ಹೊರಟ ಸರಕಿನ ಮೇಲೆ ನಿಗಾ ಇಡಲೂ, ಪೊಲೀಸರು ವಾಹನಗಳ ದಂಡದ ಚೀಟಿ ಬರೆಯಲೂ ಅವು ಉಪಯೋಗವಾದವು. ಎನ್‌ಕೋರ್ ಕಂಪೆನಿಯು ಅದರಿಂದ ಬೆಳೆಸಿದ 'ಸಾಥಿ' ಎಂಬ ಯಂತ್ರ ಸೈನ್ಯಕ್ಕಾಗಿ ರಚಿತವಾದದ್ದು. ಶಾಲೆಯ ಪ್ರಯೋಗವೊಂದನ್ನು ಬಿಟ್ಟರೆ, ಇವೆಲ್ಲವೂ ಅಧಿಕಾರಿ, ಮೇಸ್ತ್ರಿ ಅಥವಾ ಸಿಪಾಯಿಯ ಕೈಯ ಸಾಧನಗಳು. ಪ್ರಜೆಗಾಗಿ ಮಾಡಿದ ಗಣಕ ಪ್ರಜೆಯನ್ನು ಕುರಿತು ಬರೆದುಕೊಳ್ಳುವವರ ಗಣಕವಾಯಿತು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಸಂಬಳ ಕೊಡುವ, ಬಿಲ್ಲು ಪಾಸು ಮಾಡುವ ವ್ಯವಸ್ಥೆ ಎಲ್ಲಿತ್ತೋ ಅಲ್ಲಿಗೆ ಯಂತ್ರ ಹೋಯಿತು, ಅಷ್ಟೆ.

ಲೆಕ್ಕಿಗರ ಕೆಲಸಕ್ಕೆ ಸಿಂಪ್ಯೂಟರ್ ಯೋಗ್ಯವಾಗಿಯೇ ಇತ್ತೆಂಬುದನ್ನು ಒಪ್ಪಬೇಕು. ಬೆಳೆ ದಾಖಲಿಸುವ ಕೆಲಸದಲ್ಲಿ ಉದ್ದವಾದ ಬರವಣಿಗೆ ಇಲ್ಲ. ಸರ್ವೆ ನಂಬರನ್ನು ಆರಿಸುವುದು, ಬೆಳೆಯ ಹೆಸರನ್ನು ಪಟ್ಟಿಯಿಂದ ಆರಿಸುವುದು, ವಿಸ್ತೀರ್ಣವನ್ನು ಎಕರೆ ಗುಂಟೆಗಳಲ್ಲಿ ಬರೆಯುವುದು. ಸಣ್ಣ ಪರದೆಗೆ, ಕಡ್ಡಿಯ ತುದಿಗೆ ಇದಕ್ಕಿಂತ ಒಪ್ಪುವ ಕೆಲಸ ಇನ್ನೊಂದಿಲ್ಲ. ಆದರೆ ಈ ಬಳಕೆಯಲ್ಲಿ 'ಧ್ವನಿ'ಗೆ ಕೆಲಸವಿರಲಿಲ್ಲ. ಲೆಕ್ಕಿಗರಿಗೆ ಓದು ಬರುತ್ತದೆ. ಅವರಿಗೆ ಯಂತ್ರ ಓದಿ ಹೇಳಬೇಕಾಗಿಲ್ಲ. ಬದುವಿನ ಮೇಲೆ ನಿಂತ ರೈತನಿಗೆ 'ನಿಮ್ಮ ಹೊಲದಲ್ಲಿ ನೆಲಗಡಲೆ, ಎರಡು ಎಕರೆ ಹತ್ತು ಗುಂಟೆ' ಎಂದು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ ಅವನ ಒಪ್ಪಿಗೆ ಪಡೆಯುವುದು ಸಾಧ್ಯವಿತ್ತು. ಸಿಂಪ್ಯೂಟರಿನ ಶಕ್ತಿಗಳಲ್ಲೆಲ್ಲ ಅತ್ಯುತ್ತಮವಾದದ್ದು ಇದು. ನಮ್ಮ ಅಭಿಪ್ರಾಯದಲ್ಲಿ ಕಡತದ ಕಾಲದಿಂದ ಬಂದ ದೋಷಕ್ಕೆ ನೇರವಾದ ಮದ್ದೂ ಇದೇ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 2007ರಲ್ಲಿ ಐಫೋನ್, 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನು, 2010ರಲ್ಲಿ ಐಪ್ಯಾಡ್ ಬಂದವು. 2011ರಲ್ಲಿ ಭಾರತ ಸರ್ಕಾರ ವಿದ್ಯಾರ್ಥಿಗಳಿಗಾಗಿ 'ಆಕಾಶ್' ಎಂಬ ಅಗ್ಗದ ಟ್ಯಾಬ್ಲೆಟ್ಟನ್ನು ಹೊರತಂದಿತು. ಬೆಲೆಯೊಂದನ್ನೇ ಗುರಿಯಾಗಿಟ್ಟುಕೊಂಡು ಮಾಡಿದ ವಸ್ತು ಹೇಗಿರುತ್ತದೆಂಬುದಕ್ಕೆ ಅದು ಉದಾಹರಣೆಯಾಯಿತೆಂದಷ್ಟೇ ಹೇಳಿ ಮುಂದುವರಿಯುತ್ತೇವೆ. ಮೊಬೈಲು ಮನೆಮನೆಗೆ ಬಂದ ಮೇಲೆ ಹಂಚಿಕೆಯ ಯಂತ್ರದ ಪ್ರಶ್ನೆಯೇ ಉಳಿಯಲಿಲ್ಲ.

ಬೆಳೆಯ ಕಾಲಂ ಮತ್ತೆ ಕೈಗಣಕಕ್ಕೆ ಬಂದದ್ದು 2017ರ ಮುಂಗಾರಿನಲ್ಲಿ. ಊರಿನ ಯುವಕರನ್ನು ಸಮೀಕ್ಷೆಗೆ ನೇಮಿಸಿ, ಮೊಬೈಲಿನ ಆ್ಯಪಿನಲ್ಲಿ ಪ್ರತಿ ಹೊಲದ ಬೆಳೆಯನ್ನೂ ಚಿತ್ರಸಮೇತ ದಾಖಲಿಸುವ ಪದ್ಧತಿ ಪ್ರಾರಂಭವಾಯಿತು. ಉಪಗ್ರಹದ ನೆರವಿನಿಂದ ಸ್ಥಳವನ್ನು ತಿಳಿಯುವ ಶಕ್ತಿ ಫೋನಿಗಿರುವುದರಿಂದ, ಬರೆಯುವವನು ಆ ಸರ್ವೆ ನಂಬರಿನ ಗಡಿಯೊಳಗೆ ನಿಂತಿದ್ದಾನೆಯೇ ಎಂಬುದು ತಿಳಿಯುತ್ತದೆ. ಚಾವಡಿಯಲ್ಲಿ ಕುಳಿತು ಬೆಳೆ ಬರೆಯುವ ಹಳೆಯ ಚಾಳಿಗೆ ಇದಕ್ಕಿಂತ ಬಲವಾದ ಅಡ್ಡಿಯನ್ನು ಯಾವ ಕಂದಾಯ ಶಾಸನವೂ ಒಡ್ಡಿರಲಿಲ್ಲ. 2020ರ ಮುಂಗಾರಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರೈತನೇ ತನ್ನ ಫೋನಿನಿಂದ ತನ್ನ ಹೊಲದ ಬೆಳೆಯನ್ನು ದಾಖಲಿಸುವ ಆ್ಯಪನ್ನು ಸರ್ಕಾರ ಬಿಡುಗಡೆ ಮಾಡಿತು. ದಾಖಲಾದದ್ದನ್ನು ನೋಡಿ ಆಕ್ಷೇಪಣೆ ಸಲ್ಲಿಸಲು 'ಬೆಳೆ ದರ್ಶಕ' ಎಂಬ ಇನ್ನೊಂದು ಆ್ಯಪ್ ಬಂದಿತು. ಶಾನುಭೋಗನ ಬಳಪ ಕೊನೆಗೂ ಹೊಲದೊಡೆಯನ ಕೈಗೆ ಬಂದ ಹಾಗಾಯಿತು. ಗ್ರಾಮಾಡಳಿತದ ಚರಿತ್ರೆಯಲ್ಲಿ ಇದು ಸಣ್ಣ ಘಟನೆಯಲ್ಲ. ಇದನ್ನು ಕುರಿತು ನಮ್ಮ ಇತಿಹಾಸ ವಿಭಾಗಗಳಲ್ಲಿ ಒಂದು ಪ್ರಬಂಧವಾದರೂ ಬರಬೇಕಾಗಿತ್ತು.

ಆದರೆ ಕೈಗೆ ಬಂದ ಮಾತ್ರಕ್ಕೆ ಕೈವಶವಾಯಿತೆಂದು ತಿಳಿಯಬಾರದು. ಆದಿವಾಲದಂಥ ಊರಿನಲ್ಲಿ ಆ್ಯಪನ್ನು ಇಳಿಸಿಕೊಳ್ಳಬಲ್ಲ ಫೋನು ಅನೇಕ ಮನೆಗಳಲ್ಲಿ ಇರುವುದು ಓದಿದ ಮಗನ ಬಳಿ. ಮಗ ಇರುವುದು ಬೆಂಗಳೂರಿನಲ್ಲಿ. ಹೊಲದಲ್ಲಿ ನಿಂತೇ ಚಿತ್ರ ತೆಗೆಯಬೇಕೆಂಬ ನಿಯಮ ಲೆಕ್ಕಿಗನನ್ನು ಕಟ್ಟಿಹಾಕುವಂತೆ, ಊರಲ್ಲಿಲ್ಲದ ಆ ಮಗನನ್ನೂ ಕಟ್ಟಿಹಾಕುತ್ತದೆ. ಹೊಲ ಮಾಡುವವಳು ತಾಯಿ, ಪಹಣಿಯಲ್ಲಿರುವುದು ತೀರಿಹೋದ ಮಾವನ ಹೆಸರು ಎಂಬಂಥ ಸಂಸಾರಗಳಲ್ಲಿ ಯಾರ ಫೋನು, ಯಾರ ಒಪ್ಪಿಗೆ ಎಂಬುದೇ ತೊಡಕು. ಹೊಲದಲ್ಲಿ ತೊಗರಿಯ ಅಕ್ಕಡಿ ಸಾಲು ಹಾಕಿ ನೆಲಗಡಲೆ ಬಿತ್ತಿದವನು ಆಕ್ಷೇಪಣೆಯ ಪುಟದಲ್ಲಿ ಅದನ್ನು ವಿವರಿಸಬೇಕಾದರೆ, ಅಂಗೈಯಗಲದ ಗಾಜಿನ ಮೇಲೆ ಒತ್ತಕ್ಷರಗಳ ಕನ್ನಡವನ್ನು ಒಂದೊಂದಾಗಿ ಕೂಡಿಸಬೇಕು. ಸಿಂಪ್ಯೂಟರಿನ ರಚನಕಾರರು ಮೊಟ್ಟಮೊದಲು ಕೈಹಾಕಿದ್ದು ಇದೇ ತೊಡಕಿಗೆ. ಇಂದಿನ ಫೋನಿನಲ್ಲಿ ಅವರ ಯಂತ್ರಕ್ಕಿಂತ ನೂರಾರು ಪಾಲು ಶಕ್ತಿಯಿದೆ; ಆದರೆ ಅದರ ರಚನೆ ಪಾಮ್ ಪೈಲಟ್ಟಿನ ಕಾಲದ ಹಾಗೆ, ಒಬ್ಬ ಓದುಬಲ್ಲ ಒಡೆಯನನ್ನೇ ಮನಸ್ಸಿನಲ್ಲಿಟ್ಟುಕೊಂಡಿದೆ.

ಬರೆಯುವ ನೌಕರರ ಪಾಡೂ ಗಮನಾರ್ಹ. ಗ್ರಾಮಲೆಕ್ಕಿಗರು ಈಗ ಗ್ರಾಮ ಆಡಳಿತ ಅಧಿಕಾರಿಗಳೆಂಬ ಹೆಸರನ್ನು ಪಡೆದಿದ್ದಾರೆ. 2024ರ ಸೆಪ್ಟೆಂಬರಿನಲ್ಲಿಯೂ 2025ರ ಫೆಬ್ರವರಿಯಲ್ಲಿಯೂ ಅವರು ರಾಜ್ಯಾದ್ಯಂತ ಮುಷ್ಕರ ಹೂಡಿದಾಗ, ಹತ್ತಾರು ಆ್ಯಪುಗಳಲ್ಲಿ ಕೆಲಸ ಮಾಡಬೇಕೆಂಬ ಒತ್ತಡ ಅವರ ಮುಖ್ಯ ದೂರುಗಳಲ್ಲಿ ಒಂದಾಗಿತ್ತು. ಒಂದು ಕೆಲಸಕ್ಕೆ ಒಪ್ಪುವ ಸಣ್ಣ ಪರದೆಯ ಮೇಲೆ ಇಡೀ ತಾಲ್ಲೂಕು ಕಛೇರಿಯನ್ನು ಹೇ­ರಿದರೆ ಆಗುವುದು ಇದೇ. ಶಾನುಭೋಗನು ಕಡತವನ್ನು ಆಳುತ್ತಿದ್ದನು. ಇವರನ್ನು ಫೋನು ಆಳುತ್ತಿದೆಯೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಆದ್ದರಿಂದ ಸಿಂಪ್ಯೂಟರನ್ನು ಸೋತ ಯಂತ್ರವೆಂದು ಕರೆಯುವ ವಾಡಿಕೆಯನ್ನು ನಾವು ಒಪ್ಪುವುದಿಲ್ಲ. ವ್ಯಾಪಾರದಲ್ಲಿ ಅದು ಸೋತಿತು. ಬೆಲೆಯಲ್ಲಿ, ಕಾಲದಲ್ಲಿ, ದೂರವಾಣಿಯ ಶಕ್ತಿಯಿಲ್ಲದ್ದರಲ್ಲಿ ಅದರ ಕೊರತೆಗಳು ನಿಜವಾದವು. ಆದರೆ ಯಾರ ಹೊಲವನ್ನು ಕುರಿತು ಬರೆಯಲಾಗುತ್ತದೆಯೋ ಅವನಿಗೆ, ಬರೆಯುವ ಕ್ಷಣದಲ್ಲಿಯೇ, ಬರೆದದ್ದು ತಿಳಿಯಬೇಕೆಂಬ ತತ್ತ್ವವನ್ನು ಯಂತ್ರದ ರಚನೆಯೊಳಗೇ ಇಟ್ಟ ಮೊದಲ ಪ್ರಯತ್ನ ನಮಗೆ ತಿಳಿದಮಟ್ಟಿಗೆ ಅದೇ. 'ಧ್ವನಿ' ತಂತ್ರಾಂಶ ಆ ಯಂತ್ರದೊಡನೆ ಅಳಿಯಲಿಲ್ಲ. ಮುಕ್ತ ತಂತ್ರಾಂಶವಾದ್ದರಿಂದ ಬೇರೆಯವರು ಅದನ್ನು ಎತ್ತಿಕೊಂಡು ಇತರ ಭಾರತೀಯ ಭಾಷೆಗಳಿಗೂ ವಿಸ್ತರಿಸಿದರು.

ಈ ವಿಷಯದಲ್ಲಿ ಮುಂದೆ ಕೆಲಸ ಮಾಡಬಯಸುವ ವಿದ್ಯಾರ್ಥಿಗಳಿಗೆ ಹಿರಿಯೂರು ತಾಲ್ಲೂಕು ಒಳ್ಳೆಯ ಕ್ಷೇತ್ರ. ನಾಲೆಯ ಬಯಲೂ ಬೆದ್ದಲೂ ಒಂದೇ ತಾಲ್ಲೂಕಿನಲ್ಲಿರುವುದರಿಂದ, ಒಂದೆರಡು ಗ್ರಾಮಗಳ ಬೆಳೆಯ ಕಾಲಂಗಳನ್ನು 1964ರ ಶಾಸನದ ಮೇಲಿನ ಕೈಬರಹದ ರಿಜಿಸ್ಟರುಗಳಿಂದ ಆರಂಭಿಸಿ, 'ಭೂಮಿ'ಯ ಮುದ್ರಿತ ಪಹಣಿಗಳ ಮೂಲಕ, 2017ರಿಂದೀಚಿನ ಸಮೀಕ್ಷೆಯವರೆಗೆ ಸಾಲಾಗಿ ಹೋಲಿಸಿ ನೋಡಬಹುದು. ವರ್ಷ ವರ್ಷವೂ ಒಂದೇ ಬೆಳೆ ನಕಲಾಗಿ ಬಂದ ಹೊಲಗಳೆಷ್ಟು, ಯಾವ ವರ್ಷದಿಂದ ಆ ನಕಲು ನಿಂತಿತು ಎಂಬುದು ಅದರಿಂದ ತಿಳಿದುಬಂದೀತು. ನಿವೃತ್ತರಾದ ಗ್ರಾಮಲೆಕ್ಕಿಗರಲ್ಲಿ ಕಾಗದದ ರಿಜಿಸ್ಟರು, ಕಡ್ಡಿಯ ಪರದೆ, ಬೆರಳಿನ ಪರದೆ ಈ ಮೂರನ್ನೂ ಬಳಸಿದವರು ಇನ್ನೂ ಸಿಕ್ಕಾರು. ಅವರ ನೆನಪುಗಳನ್ನು ಈಗಲೇ ಬರೆದಿಟ್ಟುಕೊಳ್ಳಬೇಕು. ಹಳೆಯ ಶಾನುಭೋಗರ ಮನೆಗಳ ಅಟ್ಟದ ಮೇಲೆ ಬಟ್ಟೆಯ ಕಡತಗಳು ಉಳಿದಿದ್ದರೆ ಮನೆಯವರ ಅನುಮತಿ ಪಡೆದು ಛಾಯಾಚಿತ್ರ ತೆಗೆಯಬೇಕು. ಅದಕ್ಕೆ ಕೈಯಲ್ಲಿರುವ ಫೋನೇ ಸಾಕು.